ಹಿಂದಿನ ಸೀಟಿನ ಹೆಡ್‌ರೆಸ್ಟ್‌ನಿಂದ ಮಿರರ್‌ನಲ್ಲಿ ಸರಿಯಾಗಿ ಕಾಣಲ್ಲ, ತೆಗೆದುಬಿಡ್ಲಾ?

ಹಿಂದೆ ಯಾರೂ ಕೂತಿಲ್ಲ ಅಂದ್ರೆ ತೆಗೀಬಹುದು, ಆದ್ರೆ ಪೂರ್ತಿ ತೆಗೆಯೋದಕ್ಕಿಂತ ಕೆಳಗಿಳಿಸೋದೇ ವಾಸಿ. ರಾಡ್ ಬುಡದಲ್ಲಿ ಸಣ್ಣ ಬಟನ್ ಇರುತ್ತೆ, ಅದನ್ನ ಅದುಮಿ ತಳ್ಳಿದ್ರೆ ಸೀಟಿಗೆ ಅಂಟ್ಕೊಂಡು ಕೂರುತ್ತೆ, ಹಿಂದಿನ ಗ್ಲಾಸ್ ಬಹುಪಾಲು ಕಾಣುತ್ತೆ. (ಕೆಲವು ಕಾರಲ್ಲಿ ಸೀಟಿಗೇ ಸೇರ್ಕೊಂಡಿರುತ್ತೆ, ಅದಕ್ಕೇನೂ ಮಾಡೋಕಾಗಲ್ಲ.)

ಮನೆಯವ್ರು ಹತ್ತಿದ ತಕ್ಷಣ ಮೇಲೆತ್ತಿ, ಅದರ ಮೇಲ್ತುದಿ ಕಿವಿಗಿಂತ ಮೇಲೆ, ಆದಷ್ಟೂ ನೆತ್ತಿ ಮಟ್ಟಕ್ಕೆ ಬರ್ಬೇಕು, ಯಾಕಂದ್ರೆ ಹಿಂದಿಂದ ಯಾರಾದ್ರೂ ಗುದ್ದಿದ್ರೆ ಸೀಟು ಬೆನ್ನನ್ನ ಮುಂದಕ್ಕೆ ತಳ್ಳುತ್ತೆ, ತಲೆ ಮಾತ್ರ ಅಲ್ಲೇ ಉಳಿದು ಹಿಂದಕ್ಕೆ ವಾಲುತ್ತೆ, ಕುತ್ತಿಗೆಗೆ ಪೆಟ್ಟಾಗೋದು ಹಾಗೇ. ಸಂಪಾಜೆ ಘಾಟಿಯಲ್ಲಿ ಮಂಜು ಕವಿದಾಗ ಮುಂದಿನವ್ನು ಸಡನ್ನಾಗಿ ಬ್ರೇಕ್ ಹಾಕೋದು, ಹಿಂದಿನವ್ನು ಮೇಲೇ ಬರೋದು ಮಾಮೂಲಿ ತಾನೆ. ತೆಗೆದ್ರೂ ಸೀಟ್ ಮೇಲೆ ಬಿಸಾಕ್ಬೇಡಿ, ಬ್ರೇಕ್ ಹಾಕಿದ್ರೆ ಹಾರಿ ಬರುತ್ತೆ, ಡಿಕ್ಕಿಲಿಡಿ.

ನಿಜ ಹೇಳ್ಬೇಕಂದ್ರೆ ಜೂನ್ ಜುಲೈನಲ್ಲಿ ಮಡಿಕೇರಿ ಕಡೆ ಹೆಡ್‌ರೆಸ್ಟ್‌ಗಿಂತ ಹಿಂದಿನ ಗ್ಲಾಸ್ ಮಬ್ಬಾಗೋದೇ ದೊಡ್ಡ ತಲೆನೋವು, ಡಿಫಾಗರ್ (ಹಿಂದಿನ ಗ್ಲಾಸ್ ಬಿಸಿ ಮಾಡಿ ಮಬ್ಬು ತೆಗೆಯೋದು) ಇದ್ರೆ ಆನ್ ಮಾಡಿ, ಇಲ್ದಿದ್ರೆ ಎಸಿ ಹಾಕಿ. ಸೈಡ್ ಮಿರರ್‌ಗಳನ್ನೂ ಕಾರಿನ ಬಾಡಿ ಒಂಚೂರು ಮಾತ್ರ ಕಾಣೋ ಹಾಗೆ ಹೊರಕ್ಕೆ ತಿರುಗಿಸ್ಕೊಳ್ಳಿ.