ಡೋರ್ ತೆಗೆದು ನೋಡಿ: ಕಾರು ಡೀಟೇಲಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ವಾರಕ್ಕೊಮ್ಮೆ ಮನೆಯಲ್ಲೇ ಕಾರು ತೊಳೆಯುತ್ತೇನೆ. ಶಾಂಪೂ, ವ್ಯಾಕ್ಸ್ ಎಲ್ಲ ಒಳ್ಳೆಯದನ್ನೇ ತಂದಿಟ್ಟಿದ್ದೇನೆ. ಆದರೂ ಡೀಟೇಲಿಂಗ್ (ಮೂಲೆಮೂಲೆಯನ್ನೂ ಬಿಡದೆ ಶುಚಿ ಮಾಡಿ ಹೊಳಪು ಕೊಡುವ ಕೆಲಸ) ಮಾಡಿಸಿದ ಗೆಳೆಯನ ಕಾರಿನ ಪಕ್ಕ ನಿಲ್ಲಿಸಿದರೆ ನನ್ನದು ಅರ್ಧಂಬರ್ಧ ತೊಳೆದ ಹಾಗೆ ಕಾಣುತ್ತದೆ. ಇನ್ನೇನು ತರಬೇಕು?

ಉತ್ತರ: ಏನೂ ತರಬೇಡಿ, ಮೊದಲು ಡೋರ್ ತೆಗೆಯಿರಿ. ಇದು ನನ್ನ ಹೊಟ್ಟೆಪಾಡಿನ ಕೆಲಸ. ಯಾರಾದರೂ ತೊಳೆದ ಕಾರನ್ನು ತೋರಿಸಿ ‘ಹೇಗಿದೆ?’ ಅಂತ ಕೇಳಿದರೆ ನಾನು ಬಾನೆಟ್ ಕಡೆ ನೋಡುವುದೇ ಇಲ್ಲ. ಬಾನೆಟ್ ಯಾರು ತೊಳೆದರೂ ಹೊಳೆಯುತ್ತದೆ. ಡೋರ್ ತೆಗೆದು ಹಿಂಜ್ ಸುತ್ತ ನೋಡುತ್ತೇನೆ. ಗ್ರೀಸಿಗೆ ಧೂಳು ಮೆತ್ತಿ ಕಪ್ಪಗೆ ಅಂಟಿಕೊಂಡಿರುತ್ತದೆ. ಪೆಟ್ರೋಲ್ ಮುಚ್ಚಳದ ಒಳಗೆ, ಡಿಕ್ಕಿ ಬಾಗಿಲಿನ ರಬ್ಬರ್ ಬೀಡಿಂಗ್ ಕೆಳಗೆ ಕೂಡ ಇದೇ ಕತೆ. ಪೈಪ್ ನೀರು ಅಲ್ಲಿಗೆ ಹೋಗುವುದಿಲ್ಲ, ಹೋಗಲೂ ಬಾರದು. ಶಾಂಪೂ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ, ಒಂದು ಮೆತ್ತನೆಯ ಬ್ರಷ್, ಅಷ್ಟೇ.

ಡೋರಿನ ಕೆಳ ಅಂಚನ್ನು ಬೆರಳಿನಿಂದ ಸವರಿ ನೋಡಿ. ಅಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಗಾಜಿನ ಪಕ್ಕದಿಂದ ಒಳಗಿಳಿದ ಮಳೆನೀರು ಹೊರಗೆ ಹೋಗುವ ದಾರಿ ಅದು. ಮಣ್ಣು ಕಟ್ಟಿಕೊಂಡರೆ ನೀರು ಡೋರಿನೊಳಗೇ ನಿಂತು ತುಕ್ಕು ಹಿಡಿಸುತ್ತದೆ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಇರುವ ಜಾಗದಲ್ಲಿ ಎಲೆ ಕಸ ಸೇರುವುದೂ ಹೀಗೇ. ಅದನ್ನು ಕೈಯಿಂದಲೇ ಹೆಕ್ಕಿ ತೆಗೆಯಿರಿ. ಪೈಪ್ ಹಿಡಿದು ತಳ್ಳಿದರೆ ಹೋಗಿ ಅಲ್ಲಿ ನೀರು ಇಳಿಯುವ ತೂತಿಗೇ ಕೂರುತ್ತದೆ.

ಇನ್ನು ಬಣ್ಣದ ವಿಷಯ. ತೊಳೆದ ಮೇಲೆ, ಮೈ ಇನ್ನೂ ಒದ್ದೆ ಇರುವಾಗಲೇ, ಕೈಗೆ ಒಂದು ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಮೇಲೆ ಹಗುರವಾಗಿ ಆಡಿಸಿ. ಬರಿಗೈಗೆ ನುಣ್ಣಗಿದ್ದದ್ದು ಈಗ ಮರಳು ಕಾಗದದ ಹಾಗೆ ತರತರ ಅನ್ನುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಕಣ, ಡಾಂಬರಿನ ಚುಕ್ಕೆ, ಮರದ ಅಂಟು ಎಲ್ಲ ಬಣ್ಣಕ್ಕೆ ಕಚ್ಚಿಕೊಂಡಿರುತ್ತವೆ. ಶಾಂಪೂಗೆ ಅದು ಜಗ್ಗುವುದಿಲ್ಲ. ಕಬ್ಬಿಣಕ್ಕೆ ಐರನ್ ರಿಮೂವರ್ ಇದೆ. ಸಿಂಪಡಿಸಿದರೆ ಕಣ ಇರುವ ಕಡೆಯೆಲ್ಲ ನೇರಳೆ ಬಣ್ಣ ಇಳಿಯುತ್ತದೆ. ಬಿಳಿ ಕಾರಿನವರು ಅದನ್ನು ನೋಡಿ ಗಾಬರಿಯಾಗುವುದುಂಟು. ಗಾಬರಿ ಬೇಡ, ಆದರೆ ಅದು ಒಣಗುವ ಮೊದಲು ತೊಳೆದುಬಿಡಿ. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಬಣ್ಣದ ಮೇಲೆ ಆಡಿಸಿ ಕಚ್ಚಿಕೊಂಡ ಕೊಳೆ ಎತ್ತುವ ಜೇಡಿಮಣ್ಣಿನಂಥ ಮೆತ್ತನೆಯ ಮುದ್ದೆ. ಜಾರಲು ಶಾಂಪೂ ನೀರು ಜಾಸ್ತಿಯೇ ಇರಲಿ. ಒತ್ತಬೇಡಿ. ಕ್ಲೇ ಕೆಳಗೆ ಬಿತ್ತೋ, ಎಸೆದುಬಿಡಿ. ಅದಕ್ಕೆ ಮೆತ್ತಿದ ಒಂದು ಹರಳು ಸಾಕು, ಡೋರ್ ತುಂಬ ಗೀರು. ಕ್ಲೇ ಕೂಡ ಸಣ್ಣ ಗೆರೆ ಬಿಡಬಹುದು. ಅದಕ್ಕೇ ಇದು ವಾರವಾರ ಮಾಡುವ ಕೆಲಸ ಅಲ್ಲ. ಕೈಗೆ ತರತರ ಅಂದಾಗ ಮಾತ್ರ. ವ್ಯಾಕ್ಸ್ ಹಚ್ಚುವುದು ಇದಾದ ಮೇಲೆ. ನಿಮ್ಮ ಕಾರಿನಲ್ಲಿ ಅದು ಕೊಳೆಯ ಮೇಲೆ ಕೂತಿದೆ, ಅಷ್ಟೇ.

ಪ್ರಶ್ನೆ: ಗಾಜು ಎಷ್ಟು ಒರೆಸಿದರೂ ರಾತ್ರಿ ಎದುರಿನ ಗಾಡಿಯ ಲೈಟ್ ಬಿದ್ದರೆ ಮಂಜು ಮಂಜು. ಹಗಲಲ್ಲಿ ಚೆನ್ನಾಗೇ ಕಾಣುತ್ತದೆ. ವೈಪರ್ ಬದಲಿಸಿದ್ದೂ ಆಯಿತು.

ಉತ್ತರ: ಒಳಗಡೆ ಒರೆಸಿದ್ದೀರಾ? ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಕಾದಾಗ ಆವಿಯಂಥದ್ದು ಏಳುತ್ತದೆ. ಅದು ಗಾಜಿನ ಒಳಮೈಗೆ ಜಿಡ್ಡಾಗಿ ಕೂರುತ್ತದೆ. ಡ್ಯಾಶ್‌ಬೋರ್ಡಿಗೆ ಹೊಳಪಿನ ಎಣ್ಣೆ ಬಳಿಯುವ ಅಭ್ಯಾಸ ಇದ್ದರಂತೂ ಇನ್ನೂ ಜಾಸ್ತಿ.

ಎರಡು ಬಟ್ಟೆ ಇಟ್ಟುಕೊಳ್ಳಿ. ಮೊದಲನೆಯದು ಜಿಡ್ಡು ತೆಗೆಯಲು, ಎರಡನೆಯದು ಒಣಗಿದ್ದು, ಕೊನೆಯ ಒರೆಸಿಗೆ. ಕ್ಲೀನರನ್ನು ಗಾಜಿಗೆ ಹೊಡೆಯಬೇಡಿ, ಬಟ್ಟೆಗೆ ಹೊಡೆಯಿರಿ. ಒಳಗೆ ಮೇಲಿಂದ ಕೆಳಗೆ ಒರೆಸಿ, ಹೊರಗೆ ಅಡ್ಡಡ್ಡ. ಆಮೇಲೆ ಗೆರೆ ಕಂಡರೆ ಯಾವ ಕಡೆಯದು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪಕ್ಕದ ಗಾಜುಗಳನ್ನು ಸ್ವಲ್ಪ ಇಳಿಸಿ ಮೇಲಿನ ಅಂಚನ್ನೂ ಒರೆಸಿ. ರಬ್ಬರಿನೊಳಗೆ ಅಡಗುವ ಆ ಬೆರಳಗಲದ ಪಟ್ಟಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ನಮ್ಮವರು ಕೆಲಸ ಮುಗಿಯಿತು ಅಂದಾಗ ನಾನು ಮೊದಲು ಇಳಿಸುವುದು ಆ ಗಾಜನ್ನೇ. ಹಿಂದಿನ ಗಾಜಿನ ಒಳಗಡೆ ಹೀಟರ್ ಗೆರೆಗಳಿದ್ದರೆ ಅವುಗಳ ಉದ್ದಕ್ಕೇ ಒರೆಸಿ, ಉಜ್ಜಬೇಡಿ.

ಪ್ರಶ್ನೆ: ಕಪ್ಪು ಕಾರು. ಬಿಸಿಲಲ್ಲಿ ನೋಡಿದರೆ ಜೇಡರ ಬಲೆಯಂಥ ಗೆರೆಗಳು. ಪಾಲಿಶ್ ಮಾಡಿಸಲಾ?

ಉತ್ತರ: ಮಾಡಿಸಬಹುದು. ಆದರೆ ತೊಳೆಯುವ ರೀತಿ ಬದಲಾಗದಿದ್ದರೆ ಗೆರೆ ಮತ್ತೆ ಬರುತ್ತದೆ. ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ ಇರುತ್ತದೆ. 1,000 ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಪ್ರತಿ ಪಾಲಿಶ್ ಇದರಲ್ಲೇ ಒಂದಿಷ್ಟು ತಿನ್ನುತ್ತದೆ. ಬೇಕಾದಷ್ಟು ಸಲ ಮಾಡಿಸುವುದಕ್ಕೆ ಅಲ್ಲಿ ಏನೂ ಉಳಿಯುವುದಿಲ್ಲ.

ಎರಡು ಬಕೆಟ್ ಇಡಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒಂದು ಡೋರ್ ಆದ ಮೇಲೆ ಮಿಟ್ಟನ್ನು (ತೊಳೆಯಲು ಕೈಗೆ ಹಾಕಿಕೊಳ್ಳುವ ಮೆತ್ತನೆಯ ಚೀಲ) ಬರೀ ನೀರಲ್ಲಿ ಜಾಲಿಸಿ, ಆಮೇಲೆ ಶಾಂಪೂಗೆ ಅದ್ದಿ. ಮೇಲಿಂದ ಕೆಳಗೆ ಬನ್ನಿ, ಕೆಳಭಾಗದಲ್ಲೇ ಮರಳು ಜಾಸ್ತಿ. ಚಕ್ರಕ್ಕೆ ಬಕೆಟ್, ಬಟ್ಟೆ ಎರಡೂ ಬೇರೆ. ಅದನ್ನು ಎಲ್ಲಕ್ಕಿಂತ ಮೊದಲೇ ಮುಗಿಸಿ. ಇಲ್ಲವಾದರೆ ತೊಳೆದ ಮೈಗೆ ಬ್ರೇಕ್ ಧೂಳು ಚಿಮ್ಮುತ್ತದೆ. ಹೊಸ ಮೈಕ್ರೋಫೈಬರ್ ಬಟ್ಟೆಯ ಮೂಲೆಯಲ್ಲಿ ಹೊಲಿದ ಚೀಟಿ ಇರುತ್ತದಲ್ವಾ, ಅದನ್ನು ಕತ್ತರಿಸಿ. ಅದೂ ಗೀರುತ್ತದೆ. ಆ ಬಟ್ಟೆ ಒಗೆಯುವಾಗ ಫ್ಯಾಬ್ರಿಕ್ ಸಾಫ್ಟನರ್ ಹಾಕಬೇಡಿ, ನೀರು ಹೀರುವ ಗುಣ ಹೋಗುತ್ತದೆ. ಮತ್ತೆ, ಬಿಸಿಲಲ್ಲಿ ಕಾದ ಕಾರು ತೊಳೆಯುವುದು ಬೇಡವೇ ಬೇಡ. ಕಪ್ಪು ಕಾರಿನ ಮೇಲೆ ನೀರು ಒಣಗಿದ ಬಿಳಿ ಕಲೆ ದೂರದಿಂದಲೇ ಕಾಣುತ್ತದೆ.

ಪ್ರಶ್ನೆ: ಸೀಟ್ ಬೆಲ್ಟ್ ಬಿಟ್ಟರೆ ಒಳಗೆ ಹೋಗುವುದೇ ಇಲ್ಲ, ಜೋಲು ಬೀಳುತ್ತದೆ. ಸ್ಪ್ರಿಂಗ್ ಹೋಗಿದೆಯಾ?

ಉತ್ತರ: ಹೋಗಿರಲೂಬಹುದು. ಆದರೆ ಬಹಳ ಸಲ ಅದು ಬೆವರು, ಧೂಳು ಸೇರಿದ ಜಿಡ್ಡು. ಬೆಲ್ಟನ್ನು ಪೂರ್ತಿ ಎಳೆದು, ವಾಪಸ್ ಓಡದ ಹಾಗೆ ಮೇಲ್ಗಡೆ ಒಂದು ಕ್ಲಿಪ್ ಹಾಕಿ. ಹದವಾದ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಉದ್ದಕ್ಕೂ ಒರೆಸಿ. ಬಟ್ಟೆಗೆ ಬರುವ ಬಣ್ಣ ನೋಡಿ ನೀವೇ ಬೆಚ್ಚುತ್ತೀರಿ. ಬ್ಲೀಚ್ ಮಾತ್ರ ಮುಟ್ಟಿಸಬೇಡಿ, ನೂಲಿನ ಬಲ ಹೋಗುತ್ತದೆ. ಪೂರ್ತಿ ಒಣಗುವವರೆಗೆ ಕ್ಲಿಪ್ ತೆಗೆಯಬೇಡಿ, ಇಲ್ಲವಾದರೆ ಒಳಗೆ ಮುಗ್ಗಲು ವಾಸನೆ. ಆಮೇಲೂ ಜೋಲು ಬಿದ್ದರೆ ಸರ್ವೀಸಿನವರಿಗೆ ತೋರಿಸಿ. ಅದನ್ನು ಬಿಚ್ಚಿ ರಿಪೇರಿ ಮಾಡಲು ನೀವು ಹೋಗಬೇಡಿ.

ಪ್ರಶ್ನೆ: ಟೈರಿಗೆ ಹೊಳಪು ಹಚ್ಚಿದರೆ ಎರಡೇ ದಿನಕ್ಕೆ ಡೋರಿನ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ. ಏಕೆ?

ಉತ್ತರ: ಜಾಸ್ತಿ ಹಚ್ಚಿದ್ದೀರಿ, ಒರೆಸಿಲ್ಲ. ಮೊದಲು ನೊರೆ ಕಂದು ಬಣ್ಣ ಬಿಡುವುದು ನಿಲ್ಲುವ ತನಕ ಟೈರನ್ನು ಬ್ರಷ್ ಹಾಕಿ ಉಜ್ಜಿ, ಒಣಗಿಸಿ. ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉಳಿದದ್ದನ್ನು ಒರೆಸಿ ತೆಗೆಯಿರಿ. ನೆಲಕ್ಕೆ ತಾಗುವ ಭಾಗಕ್ಕೆ ಹಚ್ಚಲೇಬೇಡಿ, ಗಾಡಿ ಜಾರುತ್ತದೆ. ಪೆಡಲ್, ಸ್ಟೀರಿಂಗಿಗೂ ಇದೇ ಮಾತು.