ತಮ್ಮ ಕೈತಪ್ಪಿ ಹೋದನಾ?

ಪ್ರಶ್ನೆ: ಸಾರ್, ನನ್ನ ತಮ್ಮನಿಗೆ 17 ವರ್ಷ. ಅಪ್ಪ ತೀರಿಕೊಂಡ ವರ್ಷವೇ ಎಸ್ಸೆಸ್ಸೆಲ್ಸಿ ಫೇಲಾಗಿ ಗ್ಯಾರೇಜಿಗೆ ಸೇರಿದ. ಅಲ್ಲಿ ಯಾರೋ ಒಬ್ಬ ‘ಅಣ್ಣ’ ಬಿರಿಯಾನಿ ಕೊಡಿಸಿ, ಬೈಕ್ ಕೊಟ್ಟು ಹತ್ತಿರ ಮಾಡಿಕೊಂಡ. ಈಗ ಮೊಬೈಲ್ ಕಿತ್ತುಕೊಂಡ ಕೇಸು, ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ. ಇನ್ನು ಇವನ ಬದುಕು ಮುಗೀತು ಅಂತ ಅಮ್ಮ ಅಳುತ್ತಾರೆ.
– ಹೆಸರು ಬೇಡ, ತುಮಕೂರು

ಉತ್ತರ: ಮುಗಿದಿಲ್ಲಮ್ಮ. 18 ತುಂಬದವರ ಕೇಸು ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಅಲ್ಲಿ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜ ಕಾರ್ಯಕರ್ತರೂ ಕೂರುತ್ತಾರೆ. 16 ದಾಟಿದವರನ್ನು ದೊಡ್ಡವರಂತೆ ವಿಚಾರಣೆ ಮಾಡುವ ಮಾತು ಬರೋದು ಕೊಲೆಯಂಥ ಘೋರ ಅಪರಾಧಕ್ಕೆ, ಮೊಬೈಲ್ ಕಿತ್ತಿದ್ದಕ್ಕಲ್ಲ. ತಪ್ಪು ಸಾಬೀತಾದರೂ ಮುಂದೆ ಅದು ಕೆಲಸಕ್ಕೆ ಅಡ್ಡ ಬರಬಾರದು ಅಂತ 2015ರ ಬಾಲ ನ್ಯಾಯ ಕಾಯ್ದೆಯೇ ಹೇಳುತ್ತದೆ.

ನನಗೆ ಭಯ ಇರೋದು ಕೋರ್ಟಿನದಲ್ಲ, ಆ ‘ಅಣ್ಣ’ನದು. ಇಂಥವರು ಸುಮ್ನೆ ಬಿರಿಯಾನಿ ಕೊಡಿಸೋದಿಲ್ಲ, ಚಿಕ್ಕ ಹುಡುಗನಾದರೆ ಶಿಕ್ಷೆ ಕಡಿಮೆ ಅನ್ನೋ ಲೆಕ್ಕ ಹಾಕಿಯೇ ಮುಂದೆ ತಳ್ಳುತ್ತಾರೆ, ಸಿಕ್ಕಿಬಿದ್ದರೆ ಫೋನೂ ಎತ್ತಲ್ಲ. ಮಕ್ಕಳನ್ನು ಹೀಗೆ ಬಳಸೋದೂ ಅಪರಾಧವೇ. ಆ ‘ಅಣ್ಣ’ನ ವಿಷಯವನ್ನು ನಿಮ್ಮ ವಕೀಲರಿಗೂ, ಹುಡುಗನ ಮನೆ-ಹಿನ್ನೆಲೆ ವಿಚಾರಿಸುವ ಪ್ರೊಬೇಷನ್ ಅಧಿಕಾರಿಗೂ ಮುಚ್ಚಿಡದೆ ಹೇಳಿ. ಆ ಅಧಿಕಾರಿ ಮನೆಗೆ ಬಂದರೆ ಹೆದರಬೇಡಿ, ಅವರ ವರದಿಯನ್ನು ಮಂಡಳಿ ನೋಡುತ್ತದೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ಸಿಗುತ್ತಾರೆ.

ಗ್ಯಾರೇಜ್ ಬದಲಿಸಿ, ಕೆಲಸ ಬಿಡಿಸಬೇಡಿ. ಒಂದು ಹದಿನೈದು ದಿನ ಅವನನ್ನು ‘ಕಳ್ಳ’ ಅನ್ನೋದನ್ನೂ ನಿಲ್ಲಿಸಿ. ಅಪ್ಪ ಹೋದ ಮೇಲೆ ಅವನ ಹತ್ತಿರ ಯಾರಾದರೂ ಕೂತು ಮಾತಾಡಿದ್ದರಾ?