ಮೇಲಿನ ಹಲ್ಲು ಹುಳುಕು, ಕೆಳಗಿನವು ಬಿಳುಪು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರ ಬದಲಿಸಿದೆ.)

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಮಗುವಿಗೆ 2 ವರ್ಷ 4 ತಿಂಗಳು. "ದಿನಾ ಬೆಳಿಗ್ಗೆ ತಪ್ಪದೆ ಉಜ್ಜಿಸ್ತೀನಿ, ಆದ್ರೂ ಹುಳುಕು ಬಂತು" ಎಂದು ತಾಯಿ. "ಹಾಲುಹಲ್ಲಲ್ವಾ, ಹೆಂಗೂ ಬಿದ್ದೋಗ್ತವೆ" ಎಂದು ಅಜ್ಜಿ. ಅತ್ತೆ ಸೊಸೆ ಒಟ್ಟಿಗೇ ಬಂದಿದ್ದರು, ಅರ್ಧ ಕೆಲಸ ಅಲ್ಲೇ ಹಗುರಾಯಿತು.

ತುಟಿ ಎತ್ತಿ ನೋಡಿದರೆ ಮೇಲಿನ ನಾಲ್ಕು ಮುಂಬಲ್ಲುಗಳ ಬುಡದಲ್ಲಿ, ಒಸಡಿನ ಅಂಚಿಗೆ, ಸುಣ್ಣದಲ್ಲಿ ಎಳೆದಂಥ ಮಂಕು ಬಿಳಿ ಗೆರೆ. ಎರಡರಲ್ಲಿ ಕಂದು ಕುಳಿ. ಕೆಳಗಿನ ಮುಂಬಲ್ಲುಗಳಿಗೆ ಏನೂ ಆಗಿರಲಿಲ್ಲ. ಕಾರಣ ಹೇಳುವುದು ಈ ವ್ಯತ್ಯಾಸವೇ. ಬಾಟಲಿ ಚೀಪುವಾಗ ನಾಲಿಗೆ ಕೆಳಹಲ್ಲುಗಳನ್ನು ಮುಚ್ಚಿರುತ್ತದೆ. ಸಿಹಿ ಹಾಲು ನಿಲ್ಲುವುದು ಮೇಲಿನ ಹಲ್ಲಿನ ಸುತ್ತ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಅದು ತೊಳೆದುಹೋಗುವುದಿಲ್ಲ.

ಹಾಗಾಗಿ ಮೊದಲು ಕೇಳಿದ್ದು ರಾತ್ರಿಯ ಸಂಗತಿ. ಅಡಿಕೆ ಸುಲಿತದ ದಿನಗಳಲ್ಲಿ ತಾಯಿ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿ ಮುಂದೆ. ಮಗುವನ್ನು ಮಲಗಿಸುತ್ತಿದ್ದವರು ಅಜ್ಜಿ: ಒಂದು ಬಾಟಲಿ ಹಾಲು, 2 ಚಮಚ ಸಕ್ಕರೆ, ನಡುರಾತ್ರಿ ಎದ್ದರೆ ಇನ್ನೊಂದು. ಸುಲಿತ ಮುಗಿದರೂ ರೂಢಿ ಮುಗಿಯಲಿಲ್ಲ. ಹಗಲಿನಲ್ಲಿ ಜೋನಿಬೆಲ್ಲ. ದೋಸೆಯ ಜೊತೆ ತಿಂದು ಮುಗಿಸಿದರೆ ಅಷ್ಟು ಚಿಂತೆಯಿಲ್ಲ. ಅತ್ತಾಗಲೆಲ್ಲ ಬೆರಳಲ್ಲಿ ನೆಕ್ಕಿಸುವುದು ಕೆಟ್ಟದ್ದು. ಸಕ್ಕರೆಗಿಂತ ಬೆಲ್ಲ ಮೇಲು ಎಂಬುದನ್ನು ಬಾಯೊಳಗಿನ ಬ್ಯಾಕ್ಟೀರಿಯಾ ಒಪ್ಪುವುದಿಲ್ಲ.

ಅಜ್ಜಿಗೆ ಹೇಳಿದ್ದು: ಮುಂಬಲ್ಲು 6-7ಕ್ಕೆ ಬೀಳಬಹುದು, ಆದರೆ ಹಾಲಿನ ದವಡೆಹಲ್ಲು 10-12 ವರ್ಷದವರೆಗೆ ಇರಬೇಕು. ಬೇಗ ಹೋದರೆ ಅದರ ಹಿಂದೆ 6ನೇ ವರ್ಷಕ್ಕೆ ಹುಟ್ಟುವ ಶಾಶ್ವತ ದವಡೆ ಮುಂದಕ್ಕೆ ಜರುಗಿ ಜಾಗ ಮುಚ್ಚುತ್ತದೆ.

ಬಾಟಲಿಯನ್ನು ಒಮ್ಮೆಲೇ ಕಿತ್ತುಕೊಂಡರೆ ಎರಡು ರಾತ್ರಿಯಲ್ಲಿ ದೊಡ್ಡವರೇ ಸೋಲುತ್ತಾರೆ. ಮೂರು ರಾತ್ರಿ 1 ಚಮಚ ಸಕ್ಕರೆ, ಮತ್ತೆ ಮೂರು ರಾತ್ರಿ ಸಕ್ಕರೆಯಿಲ್ಲದ ಹಾಲು. ಆಮೇಲೆ ಮುಕ್ಕಾಲು ಹಾಲಿಗೆ ಕಾಲು ನೀರು, ಅರ್ಧಕ್ಕರ್ಧ, ಕೊನೆಗೆ ಬರೀ ನೀರು. ಪ್ರತಿಯೊಂದೂ ಮೂರು ರಾತ್ರಿ. ಕುಡಿಯುವ ಹಾಲು ಊಟದ ಹೊತ್ತಿಗೆ, ಲೋಟದಲ್ಲಿ, ರಾತ್ರಿ ಉಜ್ಜುವ ಮುಂಚೆ. ಮಲಗಿಸುವವರು ಅಜ್ಜಿಯಾದ್ದರಿಂದ ಈ ಲೆಕ್ಕ ಬರೆದುಕೊಟ್ಟಿದ್ದು ಅವರ ಕೈಗೇ.

ಉಜ್ಜುವುದು ಎರಡು ಹೊತ್ತು. ಒಂದನ್ನೇ ಆರಿಸಬೇಕಾದರೆ ರಾತ್ರಿಯದ್ದು. ಇಬ್ಬರು ಎದುರುಬದುರು ಕೂತು ಮೊಣಕಾಲು ತಾಗಿಸಬೇಕು, ಮಗುವಿನ ತಲೆ ಉಜ್ಜುವವರ ಮಡಿಲಲ್ಲಿ, ಕೈಕಾಲು ಇನ್ನೊಬ್ಬರ ಹಿಡಿತದಲ್ಲಿ. ಬೆರಳಲ್ಲಿ ಮೇಲ್ದುಟಿ ಎತ್ತದಿದ್ದರೆ ಬ್ರಶ್ ಆ ಬಿಳಿ ಗೆರೆ ಮುಟ್ಟುವುದೇ ಇಲ್ಲ. ಈ ತಾಯಿಯ ಬೆಳಗಿನ ಶ್ರಮ ವ್ಯರ್ಥವಾದದ್ದು ಅಲ್ಲೂ ಹೌದು. ಚೀಲದಲ್ಲಿದ್ದ ಮಕ್ಕಳ ಪೇಸ್ಟಿನ ಟ್ಯೂಬ್ ತಿರುಗಿಸಿ ಓದಿದರೆ ಫ್ಲೋರೈಡೇ ಇರಲಿಲ್ಲ. ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಇರುವುದನ್ನು ಅಕ್ಕಿಕಾಳಿನಷ್ಟು ಸವರಿದರೆ ಸಾಕು, 3 ತುಂಬಿದ ಮೇಲೆ ಬಟಾಣಿಯಷ್ಟು. ನೊರೆ ಬಟ್ಟೆಯಲ್ಲಿ ಒರೆಸಿ, ನೀರು ಹಾಕಿ ತೊಳೆಯಬೇಡಿ. 7-8 ವರ್ಷದವರೆಗೆ ದೊಡ್ಡವರೇ ಉಜ್ಜಬೇಕು.

ಬಿಳಿ ಗೆರೆ ಫ್ಲೋರೈಡಿನಿಂದ ಮತ್ತೆ ಗಟ್ಟಿಯಾಗಬಲ್ಲದು, ಕುಳಿ ಮುಚ್ಚಿಕೊಳ್ಳದು. ಅದಕ್ಕೆ ಶಿವಮೊಗ್ಗದ ದಂತವೈದ್ಯರ ಬಳಿ ಕಳಿಸಿದೆವು. ಹುಳುಕು ಮುಂದುವರಿಯದಂತೆ ತಡೆಯುವ ಬೆಳ್ಳಿಯ ಔಷಧ (ಸಿಲ್ವರ್ ಡೈಅಮೈನ್ ಫ್ಲೋರೈಡ್) ಹಚ್ಚಿದರೆ ಹುಳುಕಿನ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ ಎಂದು ಮನೆಯವರಿಗೆ ಮೊದಲೇ ತಿಳಿಸಿ.

ಎಂಟನೇ ರಾತ್ರಿ ಮಗುವಿಗೆ ಜ್ವರ. ಸಿಹಿ ಸಿರಪ್, ಅದರ ಮೇಲೆ ಮತ್ತೆ ಸಕ್ಕರೆ ಹಾಲು. ತಾಯಿ ಫೋನಿನಲ್ಲಿ ಅತ್ತೆಯನ್ನು ದೂರಿದರು. ಮೊದಲಿಂದ ಶುರುಮಾಡುವುದು ಬೇಡ, ಜ್ವರ ಇಳಿದ ರಾತ್ರಿಯೇ ಬಿಟ್ಟಲ್ಲಿಂದ ಹಿಡಿಯಿರಿ, ಸಿರಪ್ ಕುಡಿಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಹಲ್ಲು ಒರೆಸಿ ಎಂದೆವು.

ಆರು ವಾರಕ್ಕೆ ಬಂದಾಗ ಮಗು ನೀರಿನ ಬಾಟಲಿಯನ್ನು ತಾನೇ ಬಿಟ್ಟಿತ್ತು. ಒಂದು ಕುಳಿಗೆ ಸಿಮೆಂಟ್ ತುಂಬಿಸಿದ್ದರು, ಇನ್ನೊಂದು ಕಪ್ಪಾಗಿ ಗಟ್ಟಿಯಾಗಿತ್ತು. ಬಾಟಲಿಯನ್ನು ಅಟ್ಟದ ಮೇಲೆ ಇಟ್ಟಿದ್ದೇನೆ ಎಂದರು ಅಜ್ಜಿ. ಮುಂದಿನ ಸುಲಿತಕ್ಕೆ ಮುಂಚೆ ಎಸೆದುಬಿಡಿ ಎಂದು ಹೇಳಿ ಕಳಿಸಿದೆವು.